ನೆಟ್‌ವರ್ಕ್ ಕಡಿತವಾದಾಗ ದತ್ತಾಂಶ ಉಳಿಸಿಕೊಳ್ಳುವ ಬಗೆ

ಮೊಬೈಲ್ ನೆಟ್‌ವರ್ಕ್ ಹೋದಾಗಲೆಲ್ಲ ಮಳೆ ಮತ್ತು ನೀರಿನ ಮಟ್ಟದ ದಾಖಲೆಗಳಲ್ಲಿ ಗಂಟೆಗಟ್ಟಲೆ ಖಾಲಿ ಬೀಳುತ್ತಿದೆ, ಇದನ್ನು ತಡೆಯುವುದು ಹೇಗೆ ಎಂದು ಕೇಳಿದ್ದೀರಿ. ಸೆನ್ಸರ್ ಓದಿದ ಕೂಡಲೇ ಮೌಲ್ಯವನ್ನು ಕಳುಹಿಸಿ ಮರೆತುಬಿಡುವ ನಿಮ್ಮ ಈಗಿನ ವ್ಯವಸ್ಥೆಯಲ್ಲಿ ಇದು ಅನಿವಾರ್ಯ. ಅಳತೆಯನ್ನೂ ರವಾನೆಯನ್ನೂ ಬೇರ್ಪಡಿಸಲೇಬೇಕು. ಸೆನ್ಸರ್‌ಗಳ ಅಳತೆಯನ್ನು ದಾಖಲಿಸುವ ಸಾಧನವಾದ ಡೇಟಾ ಲಾಗರ್ ಪ್ರತಿಯೊಂದು ಮೌಲ್ಯವನ್ನೂ ಅಳೆದ ಕ್ಷಣದ ಸಮಯದೊಂದಿಗೆ ಮೊದಲು ತನ್ನ ಮೆಮೊರಿಯಲ್ಲಿ ಬರೆದುಕೊಂಡು, ಸರ್ವರ್‌ನಿಂದ ಸ್ವೀಕೃತಿ ಬಂದ ಬಳಿಕವಷ್ಟೇ ಅದನ್ನು ತಲುಪಿದ ದಾಖಲೆಯೆಂದು ಗುರುತಿಸಬೇಕು. ಸ್ವೀಕೃತಿಯೇ ದಾರಿಯಲ್ಲಿ ಕಳೆದುಹೋದರೆ ಅದೇ ದಾಖಲೆ ಎರಡು ಸಲ ಬರುತ್ತದೆ. ಆದ್ದರಿಂದ ಅಳತೆ ಕೇಂದ್ರ, ಸೆನ್ಸರ್ ಮತ್ತು ಸಮಯವನ್ನು ಹೋಲಿಸಿ ಸರ್ವರ್ ನಕಲನ್ನು ಕೈಬಿಡುವಂತಿರಲಿ.

ಮಳೆಮಾಪಕದಲ್ಲಿ 0.2 ಮಿ.ಮೀ.ಗೊಮ್ಮೆ ಮಗುಚುವ ಬಕೆಟ್ ಇದ್ದರೆ, ಪ್ರತಿ 15 ನಿಮಿಷದ ಮಳೆಯ ಬದಲು ಅದು ಎಷ್ಟು ಸಲ ಮಗುಚಿತೆಂಬ, ಏರುತ್ತ ಹೋಗುವ ಒಟ್ಟು ಎಣಿಕೆಯನ್ನೇ ಕಳುಹಿಸಿ. ನಡುವೆ ಕೆಲವು ಸಂದೇಶಗಳು ತಪ್ಪಿದರೂ ಒಟ್ಟು ಮಳೆಯ ಲೆಕ್ಕ ತಪ್ಪುವುದಿಲ್ಲ. ನೀರಿನ ಮಟ್ಟಕ್ಕೆ ಈ ಅನುಕೂಲವಿಲ್ಲ, ಅಲ್ಲಿ ಮೆಮೊರಿಯೊಂದೇ ಆಸರೆ. ಸಂಪರ್ಕ ಮರಳಿದಾಗ ಇತ್ತೀಚಿನ ಮಟ್ಟ ಮೊದಲು ಹೋಗಲಿ, ಹಳೆಯವು ಆಮೇಲೆ. ಪ್ರವಾಹದ ಹೊತ್ತಿನಲ್ಲಿ ಆ ಒಂದು ಸಂಖ್ಯೆಗಾಗಿ ಕೆಳಪಾತ್ರದ ಜನ ಕಾದಿರುತ್ತಾರೆ. ಲಾಗರ್‌ನ ಗಡಿಯಾರವನ್ನು ಜಿಪಿಎಸ್ ಮೂಲಕ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯಕ್ಕೆ ಹೊಂದಿಸಿ, ಬ್ಯಾಟರಿಯ ವೋಲ್ಟೇಜನ್ನೂ ಪ್ರತಿ ಸಂದೇಶದಲ್ಲಿ ಸೇರಿಸಿ.