ಇಂಜಿನ್ ಕಿರುಚುತ್ತದೆ, ಜೆಟ್ ಬೋಟ್ ಏಳುವುದಿಲ್ಲ: ಇಂಜಿನ್ ಬಿಚ್ಚಿಸಬೇಕಾ?

ಸದ್ಯಕ್ಕೆ ಬಿಚ್ಚಿಸಬೇಡಿ. ಮೊದಲು ಬೋಟಿನ ಹೊಟ್ಟೆಯಡಿ ಬಗ್ಗಿ ನೋಡಿ.

ನೀವು ಬರೆದದ್ದು ಇಷ್ಟು: ಹಳೆಯ ಜೆಟ್ ಬೋಟ್ ತಗೊಂಡಿದ್ದೀರಿ, ಲಿಂಗನಮಕ್ಕಿ ಹಿನ್ನೀರಿನಲ್ಲಿ ಓಡಿಸುತ್ತಿದ್ದೀರಿ. ನಿಂತಲ್ಲಿಂದ ಥ್ರಾಟಲ್ ಕೊಟ್ಟರೆ ಇಂಜಿನ್ ಕಿರುಚುತ್ತದೆ, ಬೋಟ್ ಮಾತ್ರ ಕೆಸರಲ್ಲಿ ಮಲಗಿದ ಎಮ್ಮೆ ಎದ್ದ ಹಾಗೆ ಏಳುತ್ತದೆ. ಓಟ ಹಿಡಿದ ಮೇಲೆ ಪರವಾಗಿಲ್ಲ. ಮೆಕ್ಯಾನಿಕ್ ಇಂಜಿನ್ ಇಳಿಸಬೇಕು ಅಂದಿದ್ದಾರೆ. ಪ್ರೊಪೆಲ್ಲರೇ ಇಲ್ಲದ ಬೋಟಿಗೆ ಕ್ಯಾವಿಟೇಶನ್ (ಬ್ಲೇಡಿನ ಹತ್ತಿರ ನೀರು ಗುಳ್ಳೆಯಾಗುವುದು) ಎಲ್ಲಿಂದ ಬಂತು ಅಂತಲೂ ಕೇಳಿದ್ದೀರಿ.

ನಾನು ಮಲ್ಪೆ ಕಡೆಯವನು. ಜೆಟ್ ಸ್ಕೀ, ಜೆಟ್ ಬೋಟ್ ರಿಪೇರಿಯೇ ನನ್ನ ಕೆಲಸ. ಇಂಥ ದೂರು ಬಂದಾಗ ನಾನು ಮೊದಲು ಕೇಳುವುದು ಒಂದೇ: ಆರ್‌ಪಿಎಂ ಮುಳ್ಳು ಎಲ್ಲಿಗೆ ಹೋಗುತ್ತದೆ? ಮುಳ್ಳು ಮೇಲೇರಿ ಬೋಟ್ ಏಳದಿದ್ದರೆ ತೊಂದರೆ ಪಂಪಿನಲ್ಲಿ. ಬೈಕಿನ ಕ್ಲಚ್ ಸವೆದಾಗ ಆಗುತ್ತದಲ್ವಾ, ಹಾಗೇ. ಮುಳ್ಳೇ ಏರದಿದ್ದರೆ ಆಗ ಪ್ಲಗ್, ಹಳೆ ಪೆಟ್ರೋಲ್, ಫಿಲ್ಟರ್ ಅಂತ ಇಂಜಿನ್ ಕಡೆ ಹೋಗಬೇಕು. ನಿಮ್ಮದು ಕಿರುಚುತ್ತಿದೆ. ಅಂದರೆ ಇಂಜಿನ್ ತನ್ನ ಕೆಲಸ ಮಾಡುತ್ತಿದೆ, ಪಂಪಿಗೆ ನೀರಿನ ಹಿಡಿತ ಸಿಗುತ್ತಿಲ್ಲ.

ಪ್ರೊಪೆಲ್ಲರ್ ಇಲ್ಲ ಅಂದಿರಿ. ಇದೆ, ಕೊಳವೆಯೊಳಗೆ ಅಡಗಿದೆ. ಅದಕ್ಕೆ ಇಂಪೆಲ್ಲರ್ ಅಂತ ಹೆಸರು. ಅದು ತಳದಿಂದ ನೀರನ್ನು ಎಳೆದು ಹಿಂದಕ್ಕೆ ಚಿಮ್ಮಿಸುತ್ತದೆ. ಎಳೆಯುವ ಕಡೆ ಒತ್ತಡ ತೀರಾ ಬಿದ್ದರೆ ನೀರು ಅಲ್ಲೇ ಕುದಿಯುತ್ತದೆ. ಬಿಸಿ ಬೇಕಿಲ್ಲ. ಕುಕ್ಕರಿನೊಳಗೆ ಒತ್ತಡ ಜಾಸ್ತಿ, ಹಾಗಾಗಿ ನೀರು 120 ಡಿಗ್ರಿ ಹತ್ತಿರ ಕುದಿಯುತ್ತದೆ. ಇಲ್ಲಿ ಅದರ ಉಲ್ಟಾ. ಗಾಳಿಯ ಒತ್ತಡದ ಸುಮಾರು 24ರಲ್ಲಿ ಒಂದು ಪಾಲಿಗೆ ಇಳಿದರೆ 30 ಡಿಗ್ರಿ ನೀರೂ ಕುದಿದು ಗುಳ್ಳೆ ಏಳುತ್ತದೆ. ಬ್ಲೇಡಿಗೆ ತಳ್ಳಲು ನೀರಿಲ್ಲ, ಬರೀ ಗುಳ್ಳೆ. ಇದೇ ಕ್ಯಾವಿಟೇಶನ್. ಆ ಗುಳ್ಳೆಗಳು ಒಡೆಯುವಾಗ ಲೋಹವನ್ನೇ ಕಚ್ಚುತ್ತವೆ. ಇದು ಬಹಳ ದಿನ ನಡೆದ ಬ್ಲೇಡಿನ ಮೈ ನೀರುದೋಸೆ ಥರ ಕುಳಿ ಕುಳಿ ಆಗಿರುತ್ತದೆ. ಕಲ್ಲು ಬಡಿದದ್ದು ಬೇರೆ. ಅದರಲ್ಲಿ ಅಂಚು ಮಡಚಿರುತ್ತದೆ ಅಥವಾ ಚಕ್ಕೆ ಹಾರಿರುತ್ತದೆ.

ಓಟ ಹಿಡಿದ ಮೇಲೆ ಸರಿಯಾಗುವುದಕ್ಕೂ ಕಾರಣ ಇದೆ. ನಿಂತ ಬೋಟಿನಲ್ಲಿ ಪಂಪ್ ಎಲ್ಲಾ ನೀರನ್ನೂ ತಾನೇ ಎಳೆದುಕೊಳ್ಳಬೇಕು. ಬೋಟ್ ಮುಂದೆ ಹೋಗುತ್ತಿದ್ದರೆ ನೀರು ತಾನಾಗಿ ಬಾಯಿಗೆ ನುಗ್ಗುತ್ತದೆ. ಅದಕ್ಕೇ ಸಣ್ಣ ದೋಷ ಹೊರಡುವಾಗ ಮಾತ್ರ ಕಾಣುತ್ತದೆ.

ಈಗ ಬೋಟನ್ನು ಟ್ರೇಲರಿಗೆ ಹಾಕಿ. ಕೀ, ಲ್ಯಾನ್ಯಾರ್ಡ್ (ಕಿತ್ತರೆ ಇಂಜಿನ್ ನಿಲ್ಲಿಸುವ ಸುರಕ್ಷತೆಯ ಹಗ್ಗ) ತೆಗೆದು ಜೇಬಿಗೆ ಹಾಕಿಕೊಳ್ಳಿ, ಬ್ಯಾಟರಿ ವೈರ್ ಬಿಚ್ಚಿ. ಇದು ಉಪಚಾರದ ಮಾತಲ್ಲ, ನೀವು ಕೈ ಹಾಕುವುದು ಬ್ಲೇಡ್ ಇರುವ ಜಾಗಕ್ಕೆ. ತಳದ ಜಾಲರಿಗೆ ಟಾರ್ಚ್ ಬಿಡಿ. ನಿಮ್ಮ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳಿವೆ, ತೊಗಟೆ, ಕಡ್ಡಿ ಸಿಕ್ಕಿರಬಹುದು. ಜಾಲರಿ ಚೊಕ್ಕ ಇದೆ ಅಂತ ಅಲ್ಲಿಗೇ ಬಿಡಬೇಡಿ, ಇಂಪೆಲ್ಲರನ್ನು ತಿರುಗಿಸುವ ದಂಡ, ಅಂದರೆ ಶಾಫ್ಟನ್ನೂ ನೋಡಿ. ಒಮ್ಮೆ ನಾನು ಒಂದು ಬೋಟಿಗೆ ಪ್ಲಗ್ ಬದಲಿಸಿ, ಪೆಟ್ರೋಲ್ ಖಾಲಿ ಮಾಡಿ, ಎರಡು ದಿನ ಒದ್ದಾಡಿದ್ದೆ. ಕೊನೆಗೆ ನೋಡಿದರೆ ಶಾಫ್ಟಿಗೆ ನೈಲಾನ್ ಬಲೆಯ ತುಂಡು ನೂಲಿನ ಉಂಡೆಯ ಹಾಗೆ ಬಿಗಿದು ಕೂತಿತ್ತು. ಬಿಸಿಗೆ ಕರಗಿ ಕಲ್ಲಾಗಿತ್ತು. ಚೂರಿಯಿಂದ ಕೊಯ್ದು ತೆಗೆದೆ, ಬೋಟ್ ಹಾರಿಹೋಯಿತು. ಆ ಎರಡು ದಿನದ ಕೂಲಿ ಕೇಳಲು ನನಗೇ ಮುಖ ಬರಲಿಲ್ಲ ಮಾರಾಯ್ರೇ.

ಕಸ ಇಲ್ಲದಿದ್ದರೆ ಅಳತೆ ತೆಗೆಯಿರಿ. ಇಂಪೆಲ್ಲರ್ ಸುತ್ತ ಒಂದು ಬಳೆ ಇರುತ್ತದೆ, ವೇರ್ ರಿಂಗ್ ಅನ್ನುತ್ತೇವೆ. ಕೆಲವು ಕಂಪನಿಯದು ಪ್ಲಾಸ್ಟಿಕ್, ಕೆಲವದು ಸ್ಟೀಲ್. ಬ್ಲೇಡಿನ ತುದಿಗೂ ಬಳೆಗೂ ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿಗಳು) ತೂರಿಸಿ. ಒಂದೇ ಜಾಗದಲ್ಲಿ ಅಲ್ಲ, ಕೈಯಲ್ಲಿ ತಿರುಗಿಸುತ್ತಾ ಪ್ರತಿ ಬ್ಲೇಡಿಗೂ ನೋಡಿ. ಹೊಸದರಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರುತ್ತದೆ. ನಿಮ್ಮ ಮಾಡೆಲ್ಲಿನ ಮಿತಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. 1 ಮಿಲಿಮೀಟರ್ ಹತ್ತಿರ ಬಂದಿದ್ದರೆ ನಿಮ್ಮ ಎಮ್ಮೆ ಅಲ್ಲೇ ಸಿಕ್ಕಿಬಿತ್ತು ಅಂತಲೇ ಲೆಕ್ಕ. ತಳ್ಳಿದ ನೀರು ಆ ಸಂದಿಯಲ್ಲಿ ವಾಪಸ್ ಜಾರುತ್ತದೆ. ಬಳೆಯಲ್ಲಿ ಉಗುರಿಗೆ ಸಿಗುವಷ್ಟು ಗೀರು ಇದ್ದರೂ ಬದಲಿಸಿ. ಇಂಪೆಲ್ಲರಿನ ಅಂಚಿನ ಸಣ್ಣ ಮಡಿಕೆಯನ್ನು ಅರದಿಂದ ತಿದ್ದಬಹುದು, ದೊಡ್ಡ ಏಟಾದರೆ ಗೊತ್ತಿದ್ದವರ ಕೈಗೇ ಕೊಡಿ.

ಗ್ಯಾಪ್ ಸರಿ ಇದ್ದರೆ ಗಾಳಿ ಸೇರುತ್ತಿದೆಯಾ ನೋಡಿ. ಇದನ್ನೂ ಎಲ್ಲರೂ ಕ್ಯಾವಿಟೇಶನ್ ಅಂತಲೇ ಕರೆಯುತ್ತಾರೆ, ಅಸಲಿಗೆ ಇದು ಬೇರೆ ಕಾಯಿಲೆ. ಪಂಪ್ ಬೋಟಿಗೆ ಕೂರುವಲ್ಲಿ ರಬ್ಬರ್ ಅಥವಾ ಸಿಲಿಕಾನ್ ಸೀಲ್ ಇರುತ್ತದೆ. ಅದು ಕಿತ್ತಿದ್ದರೆ ಪಂಪ್ ನೀರಿನ ಜೊತೆ ಗಾಳಿಯನ್ನೂ ಕುಡಿಯುತ್ತದೆ. ಒಡೆದ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ. ಶಾಫ್ಟ್ ಬೋಟಿನೊಳಗೆ ಬರುವಲ್ಲಿ ನೀರು ತಡೆಯುವ ಕಾರ್ಬನ್ ಬಳೆ, ಅಂದರೆ ಕಾರ್ಬನ್ ಸೀಲ್ ಇದ್ದರೆ ಅದನ್ನೂ ನೋಡಿ. ಸುತ್ತ ಕಪ್ಪು ಪುಡಿ, ತಳದಲ್ಲಿ ನೀರು ನಿಂತಿದ್ದರೆ ಅನುಮಾನ ಪಡಿ. ನಿಂತ ನೀರಿನ ಭಾರವೂ ಬೋಟನ್ನು ಏಳಲು ಬಿಡುವುದಿಲ್ಲ.

ಇನ್ನು ಓಡಿಸುವ ರೀತಿ. ಜೆಟ್ ಬೋಟ್ ಅಂದರೆ ಮೊಣಕಾಲು ನೀರಿನಲ್ಲೂ ಹೋಗುತ್ತದೆ ಅಂತ ಜನ ನಂಬಿದ್ದಾರೆ. ಸುಳ್ಳಲ್ಲ. 1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಇದನ್ನು ಬೆಳೆಸಿದ್ದೇ ಅಲ್ಲಿನ ಆಳವಿಲ್ಲದ ನದಿಗಳಿಗಾಗಿ. ಆದರೆ ಅದು ವೇಗದಲ್ಲಿ ನೀರಿನ ಮೇಲೆದ್ದು ಹೋಗುವಾಗಿನ ಮಾತು. ದಡದಲ್ಲೇ ನಿಂತು ಫುಲ್ ಥ್ರಾಟಲ್ ಕೊಟ್ಟರೆ ಮರಳು, ಕಲ್ಲು ನೇರ ಪಂಪಿಗೆ. ನಿಮ್ಮ ಬಳೆ ಸವೆದಿದ್ದರೆ ಅದು ಹೀಗೇ ಸವೆದಿರುತ್ತದೆ. ತಳದಡಿ ಮೂರಡಿ ನೀರು ಇರುವಲ್ಲಿಗೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿ, ಥ್ರಾಟಲ್ ನಿಧಾನಕ್ಕೆ ಏರಿಸಿ.

ಮತ್ತೆ, ರಿಪೇರಿ ಆಯ್ತಾ ನೋಡೋಣ ಅಂತ ಟ್ರೇಲರ್ ಮೇಲೆ ಇಂಜಿನ್ ಓಡಿಸಬೇಡಿ. ಕಾರ್ಬನ್ ಸೀಲಿಗೆ ನೀರೇ ಎಣ್ಣೆ, ಒಣಗಿಸಿ ಓಡಿಸಿದರೆ ಸುಟ್ಟುಹೋಗುತ್ತದೆ. ನೀರಿಗಿಳಿಸಿಯೇ ನೋಡಿ. ಫೀಲರ್ ಗೇಜ್‌ನಲ್ಲಿ ಎಷ್ಟು ಬಂತು, ಯಾವ ಮಾಡೆಲ್ ಅಂತ ಬರೆದರೆ ಬಳೆಯೋ ಇಂಪೆಲ್ಲರೋ ಅಂತ ಹೇಳುತ್ತೇನೆ.