ಕಬ್ಬಿನ ಗದ್ದೆಯಲ್ಲಿ ಸಿಕ್ಕ ಮರಿಗಳು ಯಾರವು?

ಪ್ರಶ್ನೆ: ನಮ್ಮೂರು ಮಂಡ್ಯ ಕಡೆ. ಮೊನ್ನೆ ಕಬ್ಬು ಕಡಿಯುವಾಗ ತರಗಿನ ಮೇಲೆ ಮೂರು ಮರಿ ಸಿಕ್ಕವು. ಚಿರತೆ ಮರಿ ಅಂತ ಆಳುಗಳು ಕೆಲಸ ಬಿಟ್ಟು ಬದುವಿಗೆ ಬಂದು ನಿಂತರು. ನಾಯಿಗಳ ಭಯಕ್ಕೆ ಮರಿಗಳನ್ನು ಬುಟ್ಟಿಯಲ್ಲಿ ಮನೆಗೆ ತಂದೆವು. ಇವು ನಿಜಕ್ಕೂ ಚಿರತೆ ಮರಿಗಳಾ? ಹಸುವಿನ ಹಾಲು ಕೊಟ್ಟು ಸಾಕಬಹುದಾ?

ಉತ್ತರ: ಸಾಕಬೇಡಿ. ಬುಟ್ಟಿಯನ್ನು ಅದೇ ಜಾಗಕ್ಕೆ ವಾಪಸ್ ಒಯ್ಯಿರಿ. ಇದನ್ನು ಅವತ್ತೇ ನಿಮಗೆ ಫೋನಿನಲ್ಲಿ ಹೇಳಿದ್ದೆ. ಕಟಾವಿನ ಕಾಲದಲ್ಲಿ ಬೇರೆಯವರಿಗೂ ಬೇಕಾಗುತ್ತದೆ ಅಂತ ಇಲ್ಲೂ ಬರೆಯುತ್ತಿದ್ದೇನೆ.

ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಮೈ ಮಣ್ಣಿನ ಬಣ್ಣ, ಪಕ್ಕೆಯಲ್ಲಿ ಮಸುಕು ಗೆರೆ, ಗಿಡ್ಡ ಬಾಲ, ಬಾಲದ ತುದಿ ಕಪ್ಪು. ಇವು ಕಾಡುಬೆಕ್ಕಿನ ಮರಿಗಳು. ಚಿರತೆ ಮರಿಯಾದರೆ ಹುಟ್ಟಿದಾಗಿನಿಂದಲೇ ಮೈತುಂಬ ಒತ್ತೊತ್ತಾಗಿ ಕಪ್ಪು ಚುಕ್ಕಿ ಇರುತ್ತದೆ, ಬಾಲವೂ ಉದ್ದ. ಗುರುತು ಸಿಗದಿದ್ದರೆ ಚಿರತೆಯದೇ ಅಂದುಕೊಂಡು ದೂರ ನಿಲ್ಲುವುದು ಒಳ್ಳೆಯದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಹೆಸರಲ್ಲಿ ಕಾಡು ಇದ್ದರೂ ದಟ್ಟ ಕಾಡು ಈ ಬೆಕ್ಕಿಗೆ ಒಗ್ಗುವುದಿಲ್ಲ. ಹುಲ್ಲುಗಾವಲು, ಕುರುಚಲು, ಕೆರೆಯಂಚಿನ ಜೊಂಡು, ಇಂಥಲ್ಲೇ ಅದರ ಬದುಕು. ಆಳೆತ್ತರ ಬೆಳೆದ ಕಬ್ಬೂ ಅದಕ್ಕೆ ಜೊಂಡೇ ಅಲ್ವಾ? ನೆರಳಿದೆ, ತೇವ ಇದೆ, ಇಲಿ ಬೇಕಾದಷ್ಟಿದೆ. ಅದಕ್ಕೇ ಅಲ್ಲಿ ಮರಿ ಹಾಕುತ್ತದೆ. ಸುಮಾರು ಎರಡು ತಿಂಗಳ ಗರ್ಭ, ಸಾಮಾನ್ಯವಾಗಿ ಎರಡು ಮೂರು ಮರಿ.

ಒಂದು ಸಲ ಸಂಜೆ ಬದುವಿನ ಮೇಲೆ ಕಾಡುಬೆಕ್ಕೊಂದು ಇಲಿ ಬಿಲದ ಮುಂದೆ ಕೂತಿದ್ದನ್ನು ನೋಡಿದ್ದೆ. ಮೈ ಅಲುಗಲಿಲ್ಲ. ಕಿವಿ ಮಾತ್ರ ಒಂದೊಂದಾಗಿ ಆಚೀಚೆ ತಿರುಗುತ್ತಿದ್ದವು. ಆಮೇಲೆ ನಾಲ್ಕೂ ಕಾಲು ನೆಲ ಬಿಟ್ಟು ಹಾರಿತು, ಇಲಿ ಬಾಯಲ್ಲಿತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ಮಾಡಿದ ಅಧ್ಯಯನದ ಪ್ರಕಾರ ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿ ತಿನ್ನುತ್ತದೆ. ಇಲಿ ಕಾಟಕ್ಕೆ ಬೇಸತ್ತ ರೈತನಿಗೆ ಇದಕ್ಕಿಂತ ಒಳ್ಳೆಯ ನೆಂಟ ಬೇಕಾ? ಕೋಳಿಯನ್ನೂ ಹಿಡಿಯುತ್ತದೆ, ನಿಜ. ರಾತ್ರಿ ಗೂಡಿನ ಬಾಗಿಲು ಭದ್ರ ಮಾಡಿದರೆ ಆಯ್ತು. ಇಲಿ ಪಾಷಾಣ ಇಡಬೇಡಿ. ವಿಷ ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ಅಪಾಯ.

ಮರಿಗಳ ಹತ್ತಿರ ತಾಯಿ ಕಾಣಲಿಲ್ಲ ಅಂದರೆ ಬಿಟ್ಟುಹೋಗಿದೆ ಅಂತಲ್ಲ. ಜನರ ಗಲಾಟೆಗೆ ಹೆದರಿ ಪಕ್ಕದ ಗದ್ದೆಯಲ್ಲಿ ಅಡಗಿರುತ್ತದೆ. ಕತ್ತಲಾಗಿ ಸದ್ದು ಅಡಗಿದ ಮೇಲೆ ಬಂದು ಒಂದೊಂದೇ ಮರಿಯನ್ನು ಕತ್ತು ಕಚ್ಚಿ ಒಯ್ಯುತ್ತದೆ. ಹಸುವಿನ ಹಾಲು ಕೊಟ್ಟರೆ ಮರಿಗಳಿಗೆ ಭೇದಿ ಹಿಡಿಯುತ್ತದೆ. ಮನೆಯ ಬೆಕ್ಕಿನ ರೋಗವೂ ಅಂಟಬಹುದು. ಅದೂ ಅಲ್ಲದೆ, 1972ರ ವನ್ಯಜೀವಿ ಕಾಯ್ದೆಯಡಿ ಇದು ರಕ್ಷಿತ ಪ್ರಾಣಿ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.

ಮರಿ ಸಿಕ್ಕ ಮೂಲೆಯ ನಾಲ್ಕು ಸಾಲು ಕಬ್ಬನ್ನು ಒಂದೆರಡು ದಿನ ಹಾಗೇ ಬಿಡಿ. ಅಷ್ಟು ದಿನ ನಾಯಿಗಳನ್ನು ಕಟ್ಟಿಹಾಕಿ. ತರಗು ಸುಡುವ ಯೋಚನೆ ಇದ್ದರೆ ಕೈಬಿಡಿ. ಕಣ್ಣು ಬಿಡದ ಮರಿ ಬೆಂಕಿ ಬಂದರೆ ಓಡಲಾರದು.