ಕೋಡ್ ಸಿದ್ಧ, ರಿವ್ಯೂ ಬಾಕಿ

ಪ್ರಶ್ನೆ: ಎರಡು ದಿನದಲ್ಲಿ ಬರೆದ ಕೋಡ್ ರಿವ್ಯೂ (ಸಹೋದ್ಯೋಗಿಗಳ ಪರಿಶೀಲನೆ) ಮುಗಿಸಿಕೊಂಡು ಮುಖ್ಯ ಶಾಖೆಗೆ (ತಂಡದ ಎಲ್ಲರ ಕೋಡ್ ಒಂದಾಗುವ ಮೂಲ ಪ್ರತಿಗೆ) ಸೇರಲು ನಮ್ಮ ಸಂಸ್ಥೆಯಲ್ಲಿ ವಾರ ಹಿಡಿಯುತ್ತದೆ. ಕಾಯುವಾಗ ಬೇರೆ ಕೆಲಸ ಕೈಗೆತ್ತಿಕೊಂಡರೂ ಒಟ್ಟಾರೆ ಕೆಲಸ ಮುಂದೆ ಸಾಗುತ್ತಿಲ್ಲವೇಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕಾಯುವಿಕೆಗಿಂತ ಅದರ ನಂತರದ ನಷ್ಟವೇ ದೊಡ್ಡದು. ಪರಿಶೀಲಕರ ಟಿಪ್ಪಣಿಗಳು ಬರುವಷ್ಟರಲ್ಲಿ ನೀವು ಬೇರೊಂದರಲ್ಲಿ ಮುಳುಗಿರುತ್ತೀರಿ. ಹಳೆಯ ಕೋಡನ್ನು ಹಾಗೇಕೆ ಬರೆದಿರೆಂದು ನೆನಪಿಸಿಕೊಳ್ಳಬೇಕು, ಅಷ್ಟರೊಳಗೆ ಸಹೋದ್ಯೋಗಿಗಳ ಬದಲಾವಣೆಗಳು ಸೇರಿ ಮರ್ಜ್ ಕಾನ್‌ಫ್ಲಿಕ್ಟ್ (ಒಂದೇ ಭಾಗವನ್ನು ಇಬ್ಬರು ಬೇರೆ ಬೇರೆಯಾಗಿ ಬದಲಿಸಿದಾಗ ಏಳುವ ತಿಕ್ಕಾಟ) ಹುಟ್ಟಿದ್ದರೆ ಅದನ್ನು ಬಿಡಿಸಬೇಕು, ಬಿಡಿಸಿದ ಮೇಲೆ ಪರೀಕ್ಷೆಗಳನ್ನು ಮತ್ತೆ ನಡೆಸಬೇಕು. ಬೇಸತ್ತವರು ಹಲವು ಬದಲಾವಣೆಗಳನ್ನು ಒಂದೇ ಕಂತೆ ಕಟ್ಟಿ ಕಳುಹಿಸತೊಡಗುತ್ತಾರೆ. ಕಂತೆಯ ಗಾತ್ರ ಕಂಡ ಪರಿಶೀಲಕರು ಇನ್ನಷ್ಟು ಮುಂದೂಡುತ್ತಾರೆ. (ನೀವೂ ಹೀಗೆ ಕಳುಹಿಸಿರಬಹುದೆಂಬ ಗುಮಾನಿ ನನಗಿದೆ.)

ಗೂಗಲ್ ಪ್ರಕಟಿಸಿರುವ ಮಾರ್ಗಸೂಚಿಯ ಪ್ರಕಾರ ರಿವ್ಯೂ ಕೋರಿಕೆಗೆ ಹೆಚ್ಚೆಂದರೆ 1 ಕೆಲಸದ ದಿನದೊಳಗೆ ಸ್ಪಂದಿಸಬೇಕು; 100 ಸಾಲಿನ ಬದಲಾವಣೆ ಸಾಮಾನ್ಯವಾಗಿ ಹದವಾದದ್ದು, 1000 ಸಾಲು ಅತಿಯಾದದ್ದು. ಹಾಗೆಂದು ಏಕಾಗ್ರತೆಯಿಂದ ಮಾಡುತ್ತಿರುವ ಕೆಲಸವನ್ನು ಅರ್ಧಕ್ಕೆ ಬಿಡಬೇಕೆಂದು ಅದು ಹೇಳುವುದಿಲ್ಲ. ಊಟ ಮುಗಿಸಿ ಬಂದಾಗಲೋ ಸಭೆ ಮುಗಿದಾಗಲೋ ನೋಡಿದರೆ ಸಾಕು. ಒಬ್ಬರೇ ಹಿರಿಯರು ಎಲ್ಲವನ್ನೂ ಒಪ್ಪಬೇಕೆಂಬ ನಿಯಮ ನಿಮ್ಮಲ್ಲಿದ್ದರೆ, ಮೊದಲು ಅದನ್ನು ಸಡಿಲಿಸುವಂತೆ ಕೇಳಿ.